ಕಣ್ಣಿನ ಹೆಸರಿನವರು

ಐರ್ಲೆಂಡ್ ದ್ವೀಪದ ದಕ್ಷಿಣ ಭಾಗದಲ್ಲಿ ಕಾರ್ಕ್ ಎಂಬ ಪಟ್ಟಣವಿದೆ. ಉದ್ಯೋಗನಿಮಿತ್ತವಾಗಿ ನನ್ನ ಮಗಳೂ ಅಳಿಯನೂ ಅಲ್ಲಿ ನೆಲಸಿರುವುದರಿಂದ ಕಳೆದ ವರ್ಷದ ಬೇಸಗೆಯಲ್ಲಿ ಎರಡು ತಿಂಗಳು ನಾನು ಅಲ್ಲಿ ಇರುವಂತಾಯಿತು. ಒಂದು ಸಂಜೆ ಮೊಮ್ಮಗಳು ತನ್ನ ಹುಟ್ಟುಹಬ್ಬಕ್ಕೆ ಕರೆಯಬೇಕಾದ ಸಹಪಾಠಿಗಳ ಪಟ್ಟಿಯನ್ನು ಬರೆಯುತ್ತ ಕುಳಿತಿದ್ದಳು. ಮೂವತ್ತು ವರ್ಷ ಹಾಜರಿ ಪುಸ್ತಕ ಹಿಡಿದವನಿಗೆ ಹೆಸರುಗಳ ಪಟ್ಟಿ ಕಂಡರೆ ಕಣ್ಣು ತಾನಾಗಿಯೇ ಅತ್ತ ಹೋಗುತ್ತದೆ. ನೋಡಿದರೆ ಇಪ್ಪತ್ತನಾಲ್ಕು ಹೆಸರುಗಳಲ್ಲಿ ನಾಲ್ಕು ಓಸಲಿವನ್ ಎಂದು ಮುಗಿಯುತ್ತಿದ್ದವು.

“ಇವರೆಲ್ಲ ಅಣ್ಣತಮ್ಮಂದಿರ ಮಕ್ಕಳೇನಮ್ಮ?” ಎಂದು ಕೇಳಿದೆ.

“ಅಲ್ಲ ಅಜ್ಜ, ಯಾರಿಗೂ ಯಾರೂ ಏನೂ ಆಗಬೇಕಿಲ್ಲ” ಎಂದಳು.

ಈ ಉತ್ತರದಿಂದ ನನಗೆ ಸಮಾಧಾನವಾಗಲಿಲ್ಲ. ಹೀಗೆ ಆರಂಭವಾದ ವಿಚಾರವು ನನ್ನನ್ನು ಆ ದೇಶದ ನೈಋತ್ಯದ ಕಡಲಂಚಿನವರೆಗೂ ಎಳೆದುಕೊಂಡು ಹೋಯಿತು.

ಮೊದಲು ಹೆಸರನ್ನೇ ಬಿಡಿಸಿ ನೋಡೋಣ. ಐರಿಷ್ ಭಾಷೆಯಲ್ಲಿ ಇದರ ನಿಜವಾದ ರೂಪವನ್ನು ಸುಮಾರಾಗಿ ‘ಓ ಸೂಲೆವಾನ್’ ಎಂದು ಉಚ್ಚರಿಸುವರು. ‘ಓ’ ಎಂದರೆ ಮೊಮ್ಮಗ. ಅದರಿಂದಲೇ ಸಂತತಿಯವನು ಎಂಬ ಅರ್ಥವೂ ಬಂದಿದೆ. ‘ಮ್ಯಾಕ್’ ಎಂದು ಆರಂಭವಾಗುವ ಹೆಸರುಗಳಲ್ಲಿ ಆ ಮಾತಿಗೆ ಮಗ ಎಂದು ಅರ್ಥ. ನಮ್ಮ ಪಾಣಿನಿಯು ಮಗನನ್ನು ಬಿಟ್ಟು, ಮೊಮ್ಮಗನಿಂದ ಮೊದಲ್ಗೊಂಡ ಸಂತಾನಕ್ಕೇ ‘ಗೋತ್ರ’ವೆಂಬ ಸಂಜ್ಞೆಯನ್ನು ವಿಧಿಸಿದ್ದಾನಷ್ಟೆ. ಗರ್ಗನ ಸಂತತಿಯವನು ಗಾರ್ಗ್ಯನಾಗುವಂತೆ ಸೂಲೆವಾನನ ಸಂತತಿಯವನು ಓಸಲಿವನ್ ಆದನು. ಹೆಣ್ಣುಮಕ್ಕಳಿಗೆ ‘ಓ’ ಸಲ್ಲುವುದಿಲ್ಲ. ಐರಿಷಿನಲ್ಲಿ ಬರೆಯುವಾಗ ಮಗಳಾದರೆ ‘ನೀ’ ಎಂದೂ ಸೊಸೆಯಾಗಿ ಬಂದವಳಾದರೆ ‘ಈ’ ಎಂದೂ ಹೆಸರಿನ ಮುಂದೆ ಹಾಕುವರು. ಹುಟ್ಟಿದ ಮನೆ, ಸೇರಿದ ಮನೆ ಎಂಬ ಭೇದವು ಒಂದಕ್ಷರದಲ್ಲಿ ತಿಳಿದುಬಿಡುತ್ತದೆ. ಯೂರೋಪಿನಲ್ಲಿ ಬಹಳ ಮುಂಚೆ ಮನೆತನದ ಹೆಸರುಗಳು ನೆಲೆಗೊಂಡ ದೇಶಗಳಲ್ಲಿ ಐರ್ಲೆಂಡೂ ಒಂದು. ಹತ್ತನೆಯ, ಹನ್ನೊಂದನೆಯ ಶತಮಾನಗಳಲ್ಲಿಯೇ ಈ ಪದ್ಧತಿ ಅಲ್ಲಿ ಬೇರೂರಿತ್ತು.

ಇನ್ನು ‘ಸೂಲ್’ ಎಂದರೆ ಕಣ್ಣು. ಇದರಲ್ಲಿ ವಿವಾದವಿಲ್ಲ. ಉಳಿದ ಭಾಗವನ್ನು ಕುರಿತು ಮಾತ್ರ ಪಂಡಿತರಲ್ಲಿ ಒಮ್ಮತವಿಲ್ಲ. ಕಪ್ಪು ಕಣ್ಣಿನವನೆಂದು ಕೆಲವರು, ಒಕ್ಕಣ್ಣನೆಂದು ಕೆಲವರು, ಗಿಡುಗನ ಕಣ್ಣಿನವನೆಂದು ಮತ್ತೆ ಕೆಲವರು. ಒಕ್ಕಣ್ಣನೆಂಬ ಪಕ್ಷಕ್ಕೆ ಒಂದು ಕಥೆಯೂ ಉಂಟು. ಕೇಳಿದವರಿಗೆ ಇಲ್ಲವೆನ್ನದ ಒಬ್ಬ ನಾಯಕನಿದ್ದನಂತೆ. ಅವನಿಗೆ ಇದ್ದುದು ಒಂದೇ ಕಣ್ಣು. ದುರ್ಬುದ್ಧಿಯ ಮಂತ್ರವಾದಿಯೊಬ್ಬನು ಬಂದು ಆ ಕಣ್ಣನ್ನೇ ಬೇಡಿದನಂತೆ. ಇವನು ಕಿತ್ತು ಕೊಟ್ಟನಂತೆ. ಆಗ ಸಂತನೊಬ್ಬನು ದೇವರನ್ನು ಪ್ರಾರ್ಥಿಸಲು, ಬೇಡಿದವನ ಎರಡು ಕಣ್ಣುಗಳೂ ಕೊಟ್ಟವನ ಮುಖಕ್ಕೆ ಬಂದು ಸೇರಿದವಂತೆ. ಬೇಡರ ಕಣ್ಣಪ್ಪನ ಕಥೆಯನ್ನು ಕೇಳಿ ಬೆಳೆದ ನಮಗೆ ಇದು ಅಷ್ಟು ಅಪರಿಚಿತವಾಗಿ ತೋರುವುದಿಲ್ಲ.

ನನಗೆ ಇದಕ್ಕಿಂತ ಹೆಚ್ಚು ಹಿಡಿಸಿದ ಸಂಗತಿ ಬೇರೊಂದು. ‘ಸೂಲ್’ ಎಂಬ ಈ ಮಾತು ಮೂಲದಲ್ಲಿ ಸೂರ್ಯವಾಚಕವೆಂದು ಭಾಷಾಶಾಸ್ತ್ರಜ್ಞರಲ್ಲಿ ಹೆಚ್ಚಿನವರು ಹೇಳುತ್ತಾರೆ. ಲ್ಯಾಟಿನ್ನಿನ ‘ಸೋಲ್’, ವೇಲ್ಸ್ ದೇಶದವರ ‘ಹೈಲ್’, ನಮ್ಮ ‘ಸೂರ್ಯ’, ಇವೆಲ್ಲ ಒಂದೇ ತಾಯಿಬೇರಿನ ಚಿಗುರುಗಳು. ಐರಿಷ್ ಜನರಲ್ಲಿ ಮಾತ್ರ ಆಕಾಶದ ಸೂರ್ಯನಿಗೆ ಬೇರೆ ಶಬ್ದ ಬಂದು, ಈ ಹಳೆಯ ಶಬ್ದವು ಮುಖದ ಮೇಲಿನ ಕಣ್ಣಿಗೆ ಉಳಿಯಿತು. ಪುರುಷಸೂಕ್ತದಲ್ಲಿ ಸೂರ್ಯನು ವಿರಾಟ್ಪುರುಷನ ಕಣ್ಣಿನಿಂದ ಹುಟ್ಟಿದನೆಂದು ಹೇಳಿರುವುದನ್ನು ದಿನವೂ ಪಠಿಸುವವನಿಗೆ, ಅಷ್ಟು ದೂರದ ಮಳೆನಾಡಿನಲ್ಲಿ ಕಣ್ಣಿಗೆ ಸೂರ್ಯನ ಹೆಸರು ಇರುವುದನ್ನು ಕಂಡು ಎಷ್ಟು ಹಿಗ್ಗಾಗಿರಬೇಕೆಂಬುದನ್ನು ವಾಚಕರೇ ಊಹಿಸಬಹುದು. ಅಂದು ಹೊರಗೆ ಸೂರ್ಯನು ಕಾಣದೆ ನಾಲ್ಕು ದಿನವಾಗಿತ್ತೆಂಬುದನ್ನೂ ಹೇಳಬೇಕು.

ಅಳಿಯನೊಡನೆ ಕೆಲಸಮಾಡುವ ಹಿರಿಯರೊಬ್ಬರು ನನ್ನ ಕುತೂಹಲವನ್ನು ಕೇಳಿ, “ಓಸಲಿವನ್ನರನ್ನು ನೋಡಬೇಕಾದರೆ ಬೇರಾಕ್ಕೆ ಹೋಗಿ, ಅಲ್ಲಿ ಕಲ್ಲೆತ್ತಿದರೂ ಒಬ್ಬ ಸಿಕ್ಕುತ್ತಾನೆ” ಎಂದರು. ಒಂದು ಭಾನುವಾರ ಮುಂಜಾನೆ ಮೋಟಾರಿನಲ್ಲಿ ಹೊರಟೆವು.

ಬೇರಾ ಎಂಬುದು ಅಟ್ಲಾಂಟಿಕ್ ಸಾಗರದೊಳಕ್ಕೆ ಬೆರಳಿನಂತೆ ಚಾಚಿಕೊಂಡಿರುವ ಪರ್ಯಾಯದ್ವೀಪ. ಬೆನ್ನೆಲುಬಿನಂತೆ ಬಂಡೆಯ ಬೆಟ್ಟಗಳು, ಇಕ್ಕೆಲದಲ್ಲಿ ಕಡಲು. ಹೊಲವೆಂದರೆ ಕಲ್ಲುಗೋಡೆಯ ನಡುವಿನ ಹಸುರು ಚೌಕ, ಅದರಲ್ಲಿ ಹತ್ತಾರು ಕುರಿ. ಗ್ಲೆನ್‌ಗ್ಯಾರಿಫ್ ದಾಟಿದ ಮೇಲೆ ದಾರಿಯುದ್ದಕ್ಕೂ ಅಂಗಡಿಗಳ ಮೇಲೆ, ಗೋರಿಗಳ ಮೇಲೆ, ಮೀನು ಹಿಡಿಯುವ ದೋಣಿಕಾರರ ಫಲಕಗಳ ಮೇಲೆ ಆ ಒಂದೇ ಹೆಸರು. ಹೀಗಿದ್ದರೆ ಒಬ್ಬರನ್ನೊಬ್ಬರು ಗುರುತಿಸುವುದು ಹೇಗೆಂದರೆ ಅಡ್ಡಹೆಸರುಗಳಿಂದ: ಕೆಂಪುಗೂದಲಿನವರ ಮನೆ, ಬಿಳಿಯರ ಮನೆ ಎಂದು. ನನ್ನ ಶಾಲೆಯಲ್ಲಿ ಒಂದು ವರ್ಷ ಐದು ಮಂದಿ ಮಂಜುನಾಥರು ಕೂಡಿದಾಗ ನಾನೂ ಇದೇ ಉಪಾಯವನ್ನು ಮಾಡಿದ್ದೆ.

ನಾನು ಅಂದುಕೊಂಡದ್ದು, ಇದೇ ಇವರ ಮೂಲಸ್ಥಾನವೆಂದು. ಅದು ತಪ್ಪು. ಇವರ ಮೂಲವು ಇಲ್ಲಿಂದ ಬಹುದೂರ ಪೂರ್ವಕ್ಕೆ, ಟಿಪ್ಪರೆರಿ ಪ್ರಾಂತದ ನಾಕ್‌ಗ್ರಾಫನ್ ಎಂಬಲ್ಲಿದೆ. ಷೂರ್ ನದಿಯ ದಂಡೆ, ದೇಶದಲ್ಲಿಯೇ ಹೆಸರಾದ ಫಲವತ್ತಾದ ನೆಲ. ಮನ್‌ಸ್ಟರ್ ರಾಜ್ಯವನ್ನಾಳಿದ ಕ್ಯಾಷೆಲ್ಲಿನ ರಾಜವಂಶದ ಒಂದು ಶಾಖೆ ಇವರು. ಹನ್ನೆರಡನೆಯ ಶತಮಾನದಲ್ಲಿ ನಾರ್ಮನ್ನರು ಇಂಗ್ಲೆಂಡಿನಿಂದ ಬಂದು ಒಳ್ಳೊಳ್ಳೆಯ ಭೂಮಿಗಳನ್ನೆಲ್ಲ ಆಕ್ರಮಿಸಿಕೊಂಡರು. 1192ರಲ್ಲಿ ನಾಕ್‌ಗ್ರಾಫನ್ನಿನಲ್ಲಿ ಅವರ ಕೋಟೆಯ ಮಣ್ಣಿನ ದಿಬ್ಬವೆದ್ದಿತು. ಆ ಸುಮಾರಿಗೆ ಓಸಲಿವನ್ನರು ಪಶ್ಚಿಮದ ಬಂಡೆಗಳಿಗೆ ಸರಿದರು. ಹಿರಿಯ ಶಾಖೆಯು ಕೆನ್‌ಮೇರ್ ಬಳಿ ಡನ್‌ಕೆರನ್ನಿನಲ್ಲಿ ನಿಂತಿತು. ಕಿರಿಯ ಶಾಖೆಯು ಬೇರಾದ ಡನ್‌ಬಾಯ್ ಕೋಟೆಯಲ್ಲಿ ನಿಂತು, ಕೊಲ್ಲಿಗೆ ಬರುವ ಪರದೇಶದ ಮೀನುಗಾರರಿಂದ ಸುಂಕವನ್ನೆತ್ತುತ್ತ ನಾಲ್ಕು ಶತಮಾನ ಬಾಳಿತು. ಎಂದಮೇಲೆ ಭೂಪಟದಲ್ಲಿ ಈ ಹೆಸರು ದಟ್ಟವಾಗಿರುವ ಕಡೆ ಇವರ ತೌರಲ್ಲ, ಆಶ್ರಯ.

ಆ ಡನ್‌ಬಾಯ್‌ನಲ್ಲಿ ಈಗ ನೋಡತಕ್ಕದ್ದು ಹೆಚ್ಚೇನೂ ಇಲ್ಲ. ನೀರಿನ ಬದಿಯಲ್ಲಿ ಹುಲ್ಲು ಬೆಳೆದ ಮೋಟು ಗೋಡೆಗಳು, ಅಷ್ಟೆ. 1601ರಲ್ಲಿ ಕಿನ್‌ಸೇಲ್ ಯುದ್ಧದಲ್ಲಿ ಐರಿಷ್ ನಾಯಕರೂ ಅವರಿಗೆ ನೆರವಾಗಿ ಬಂದಿದ್ದ ಸ್ಪೇನಿನವರೂ ಇಂಗ್ಲಿಷರಿಗೆ ಸೋತರು. ಮರುವರ್ಷ ಜೂನ್ ತಿಂಗಳಲ್ಲಿ ಸರ್ ಜಾರ್ಜ್ ಕೆರೂ ಸಾವಿರಾರು ಸೈನಿಕರೊಡನೆ ಬಂದು ಈ ಕೋಟೆಗೆ ಮುತ್ತಿಗೆ ಹಾಕಿದನು. ಒಳಗಿದ್ದವರು 143 ಮಂದಿ. ಗೋಡೆಗಳು ಫಿರಂಗಿಗೆ ಉರುಳಿದವು. ಕೊನೆಯ ಗಳಿಗೆಯಲ್ಲಿ ಕೋಟೆಯ ದಳಪತಿಯು ಮರಣಾಂತಿಕ ಗಾಯವಾಗಿದ್ದರೂ ಉರಿಯುವ ಮೇಣದಬತ್ತಿಯನ್ನು ಹಿಡಿದು ಮದ್ದಿನ ಪೀಪಾಯಿಯತ್ತ ತೆವಳುತ್ತಿದ್ದಾಗ ಶತ್ರುಗಳು ಅವನನ್ನು ತಡೆದು ಕೊಂದರು. ಸೆರೆಸಿಕ್ಕವರನ್ನು ಗಲ್ಲಿಗೇರಿಸಿದರು.

ಕುಲದ ನಾಯಕನಾದ ಡೊನಲ್ ಕಾಮ್ ಆಗ ಕೋಟೆಯಲ್ಲಿರಲಿಲ್ಲ. ಕೆಲವು ತಿಂಗಳು ಬೆಟ್ಟಗಳಲ್ಲಿ ಹೋರಾಡಿ, ದನಕರುಗಳೂ ಶತ್ರುಗಳ ಪಾಲಾದ ಮೇಲೆ, 1602ರ ಡಿಸೆಂಬರ್ 31ರಂದು ಗ್ಲೆನ್‌ಗ್ಯಾರಿಫ್‌ನಿಂದ ಉತ್ತರಕ್ಕೆ ಹೊರಟನು. ಜೊತೆಯಲ್ಲಿ ಸಾವಿರ ಜನ. ಅವರಲ್ಲಿ ಸೈನಿಕರು ನಾನೂರು, ಉಳಿದವರು ಹೆಂಗಸರು, ಮಕ್ಕಳು, ಆಳುಗಳು. ಲೀಟ್ರಿಮ್‌ನಲ್ಲಿ ಓರೂರ್ಕ್ ಎಂಬ ಮಿತ್ರನಾಯಕನ ಕೋಟೆ ಇತ್ತು; ಅಲ್ಲಿಗೆ ಸೇರುವುದು ಅವರ ಗುರಿ. ದಾರಿ ಇನ್ನೂರೈವತ್ತು ಮೈಲಿಯ ಸುಮಾರು. ಕಾಲ ಮಾಘದ ಚಳಿಯದು. ಅಲ್ಲಲ್ಲಿ ಅಡ್ಡಗಟ್ಟಿ ಹೊಡೆದವರಲ್ಲಿ ಇಂಗ್ಲಿಷರ ಪಕ್ಷ ಹಿಡಿದ ಐರಿಷರೂ ಇದ್ದರು. ಷ್ಯಾನನ್ ಮಹಾನದಿಯ ದಂಡೆಗೆ ಬಂದಾಗ ದೋಣಿಯಿಲ್ಲ. ಆಗ ತಮ್ಮ ಕುದುರೆಗಳನ್ನೇ ಕೊಂದು, ಮಾಂಸವನ್ನು ತಿಂದು, ಬಳ್ಳಿಕೊಂಬೆಗಳಿಂದ ಹೆಣೆದ ಚೌಕಟ್ಟಿಗೆ ಚರ್ಮಗಳನ್ನು ಹೊದಿಸಿ ಎರಡು ದೋಣಿಗಳನ್ನು ಕಟ್ಟಿದರು. ಒಂದು ದಡ ಮುಟ್ಟಿತು, ಇನ್ನೊಂದು ಮುಳುಗಿತು. ಮುಟ್ಟಿದ ದೋಣಿಯನ್ನು ಕಟ್ಟಿಸಿದವನು ಎಪ್ಪತ್ತರ ಹತ್ತಿರದ ಮುದುಕ, ನಾಯಕನ ಚಿಕ್ಕಪ್ಪ ಡರ್ಮಟ್. ಎದುರು ದಡದಲ್ಲಿ ಆಗ್ರಿಮ್ ಎಂಬಲ್ಲಿ ತಮಗಿಂತ ದೊಡ್ಡ ಪಡೆಯನ್ನು ಸೋಲಿಸಿದರಂತೆ; ಹಸಿದ ಹೊಟ್ಟೆಯಲ್ಲಿ ಅದು ಹೇಗೆ ಸಾಧ್ಯವಾಯಿತೋ!

ಎರಡು ವಾರಗಳ ಮೇಲೆ ಲೀಟ್ರಿಮ್ ಕೋಟೆಯ ಬಾಗಿಲಿಗೆ ಬಂದು ನಿಂತವರು ಮೂವತ್ತೈದು ಮಂದಿ. ಹದಿನೆಂಟು ಸೈನಿಕರು, ಹದಿನಾರು ಆಳುಗಳು, ಒಬ್ಬಳು ಹೆಂಗಸು. ಮಿಕ್ಕವರಲ್ಲಿ ಸತ್ತವರೆಷ್ಟೋ, ದಾರಿಯಲ್ಲಿಯೇ ಬಿದ್ದು ಕಂಡಕಂಡ ಊರುಗಳಲ್ಲಿ ನೆಲೆಯಾದವರೆಷ್ಟೋ. ಇದನ್ನೆಲ್ಲ ಬರೆದಿಟ್ಟವನು ಮುದುಕ ಡರ್ಮಟನ ಮಗ ಫಿಲಿಪ್. ಬಾಲ್ಯದಲ್ಲಿಯೇ ಸ್ಪೇನಿಗೆ ಹೋದ ಅವನು ಲ್ಯಾಟಿನ್ ಭಾಷೆಯಲ್ಲಿ ರಚಿಸಿದ ಇತಿಹಾಸವು 1621ರಲ್ಲಿ ಲಿಸ್ಬನ್ನಿನಲ್ಲಿ ಅಚ್ಚಾಯಿತು. ಡೊನಲ್ ಕಾಮ್ ಕೂಡ ಕಡೆಗೆ ಸ್ಪೇನನ್ನು ಸೇರಿ, 1618ರಲ್ಲಿ ಮ್ಯಾಡ್ರಿಡ್ಡಿನಲ್ಲಿ ಒಬ್ಬನ ಕತ್ತಿಗೆ ಬಲಿಯಾದನು. ಆ ಸಾವಿರ ಜನರು ನಡೆದ ದಾರಿಯನ್ನು ಈಗ ಪಾದಚಾರಿಗಳಿಗೆಂದು ಗುರುತುಹಾಕಿದ್ದಾರೆ. ಅದರ ಮೊದಲ ಎರಡು ಫರ್ಲಾಂಗನ್ನು ನಡೆದು, ಮೊಣಕಾಲಿನ ಮಾತು ಕೇಳಿ, ನಾನು ಹಿಂದಿರುಗಿದೆ.

ಭೂಮಿ ಹೋದ ಹಿಂದೆಯೇ ಹೆಸರಿನ ಮುಂದಿನ ‘ಓ’ ಕೂಡ ಹೋಯಿತು. ಇಂಗ್ಲಿಷರ ಆಡಳಿತದಲ್ಲಿ ದಾಖಲೆಗಳನ್ನು ಬರೆಯುವವರು ಇಂಗ್ಲಿಷಿನವರು. ‘ಓ’ ಇಟ್ಟುಕೊಂಡವನು ಹಳೆಯ ಮತದವನು, ಹಳೆಯ ನಾಡಿನವನು ಎಂದು ತೋರಿಬರುತ್ತಿತ್ತು. ಜನರು ಅದನ್ನು ಬಿಟ್ಟು ಬರಿಯ ಸಲಿವನ್ ಆದರು. 1890ರ ಜನನ ದಾಖಲೆಗಳನ್ನು ಆಧರಿಸಿ ರಾಬರ್ಟ್ ಮ್ಯಾಥೆಸನ್ ಎಂಬ ಅಧಿಕಾರಿಯು ಹೆಸರುಗಳ ಲೆಕ್ಕವನ್ನು ಪ್ರಕಟಿಸಿದನು. ಮರ್ಫಿ, ಕೆಲಿ ಎಂಬವುಗಳ ತರುವಾಯ ಸಲಿವನ್ನರದು ಮೂರನೆಯ ಸ್ಥಾನ. ಸಂಖ್ಯೆ ಸುಮಾರು 43,600. ಅವರಲ್ಲಿ ಅತಿ ಹೆಚ್ಚಿನವರು ಕಾರ್ಕ್, ಕೆರಿ ಪ್ರಾಂತಗಳವರೇ. ಆ ಕಾಲದಲ್ಲಿ ‘ಓ’ ಹಚ್ಚಿಕೊಳ್ಳುತ್ತಿದ್ದವರು ನೂರಕ್ಕೆ ಹದಿಮೂರು. ಸ್ವಭಾಷೆಯ ಅಭಿಮಾನವು ಮತ್ತೆ ಎಚ್ಚೆತ್ತು, ದೇಶವು ಸ್ವತಂತ್ರವಾದ ಮೇಲೆ, 1944ರ ಹೊತ್ತಿಗೆ ಅದು ನೂರಕ್ಕೆ ಅರವತ್ತಾಯಿತು.

ಹೊರದೇಶಗಳಲ್ಲಿ ಹೆಚ್ಚಾಗಿ ಕಾಣುವುದು ಮಾತ್ರ ‘ಓ’ ಕಳೆದುಕೊಂಡ ಸಲಿವನ್ನರು. ಅದಕ್ಕೆ ಕಾರಣ, ಅವರು ಹೊರಟದ್ದು ಆ ಕಾಲದಲ್ಲಿ. 1845ರಲ್ಲಿ ಆಲೂಗೆಡ್ಡೆಯ ಬೆಳೆಗೆ ರೋಗ ತಗುಲಿ ಉಂಟಾದ ಮಹಾಕ್ಷಾಮದಲ್ಲಿ ಹತ್ತು ಲಕ್ಷ ಜನ ಸತ್ತರು. ಅದಕ್ಕೂ ಹೆಚ್ಚು ಜನ ಹಡಗು ಹತ್ತಿದರು. ಬೇರಾದ ತುದಿಯ ಆಲಿಹೀಸ್ ಎಂಬಲ್ಲಿ 1812ರಿಂದ ತಾಮ್ರದ ಗಣಿಯೊಂದು ನಡೆಯುತ್ತಿತ್ತು. ಗಣಿಯ ಒಡೆಯರು ಪಕ್ಸ್‌ಲಿ ಮನೆತನದವರು. ಅವರ ಅರಮನೆ ಎದ್ದದ್ದು ಡನ್‌ಬಾಯ್ ಕೋಟೆಯ ಮಗ್ಗುಲಲ್ಲಿಯೇ. ಹಿಂದೆ ನೆಲದ ಒಡೆಯರಾಗಿದ್ದವರ ಸಂತಾನವು ಆ ನೆಲದ ಕೆಳಗೆ ಕೂಲಿಗೆ ತಾಮ್ರ ಅಗೆಯಿತು. ಗಣಿಯ ಕೆಲಸ ಕುಂದುತ್ತ ಬಂದಂತೆ ಅಗೆಯುವವರು ಅಮೆರಿಕದ ಮೊಂಟಾನಾ ಸೀಮೆಯ ಬ್ಯೂಟ್ ಎಂಬ ಗಣಿಯೂರಿಗೆ ಸಾಲುಸಾಲಾಗಿ ಹೋದರು. ಸಾಗರದಿಂದ ನೂರಾರು ಮೈಲಿ ಒಳಗಿರುವ ಆ ಬೆಟ್ಟದೂರಿನಲ್ಲಿ ಸಲಿವನ್ ಎಂಬುದೇ ಎಲ್ಲಕ್ಕಿಂತ ಹೆಚ್ಚು ಬಳಕೆಯ ಹೆಸರಾಯಿತು. ಪಕ್ಸ್‌ಲಿಗಳ ಅರಮನೆಯೂ 1921ರಲ್ಲಿ ಸುಟ್ಟುಹೋಯಿತು.

ಈ ಹೆಸರಿನ ಪ್ರಸಿದ್ಧರು ಹಲವರು. ಕುಸ್ತಿಯಂತೆ ಮುಷ್ಟಿಯುದ್ಧವಾಡಿ ಜಗಜಟ್ಟಿಯೆನಿಸಿದವನೊಬ್ಬ, ಗಗನಚುಂಬಿ ಕಟ್ಟಡಗಳ ಶಿಲ್ಪಿಯೊಬ್ಬ, ಸಂಗೀತಗಾರನೊಬ್ಬ. ನಮಗೆ ಹತ್ತಿರದವನು ಲಂಡನ್ನಿನಲ್ಲಿ ಹುಟ್ಟಿ ಕೊಯಮತ್ತೂರಿನ ಕಲೆಕ್ಟರನಾಗಿ ಬಂದ ಜಾನ್ ಸಲಿವನ್. 1819ರಲ್ಲಿ ನೀಲಗಿರಿಯನ್ನೇರಿ, ಮುಂದೆ ಉದಕಮಂಡಲದಲ್ಲಿ ಮೊದಲ ಕಲ್ಲು ಬಂಗಲೆಯನ್ನು ಕಟ್ಟಿಸಿದವನು. ಆದರೆ ಮೇಷ್ಟರ ಪಕ್ಷಪಾತವೆಂದರೂ ಚಿಂತೆಯಿಲ್ಲ, ನನ್ನ ಮಟ್ಟಿಗೆ ಇವರೆಲ್ಲರಲ್ಲಿ ದೊಡ್ಡವಳು ಆನ್ ಸಲಿವನ್. ಐರ್ಲೆಂಡಿನಿಂದ ಅಮೆರಿಕಕ್ಕೆ ಬಂದ ಕಡುಬಡವರ ಮಗಳು, 1866ರಲ್ಲಿ ಹುಟ್ಟಿದವಳು. ಐದನೆಯ ವಯಸ್ಸಿಗೆ ರೋಗದಿಂದ ದೃಷ್ಟಿ ಬಹುಪಾಲು ಹೋಯಿತು, ತಾಯಿ ಸತ್ತಳು, ತಂದೆ ಕೈಬಿಟ್ಟನು. ತಮ್ಮನೊಡನೆ ಅನಾಥರ ಧರ್ಮಶಾಲೆಯನ್ನು ಸೇರಿದಳು. ಕೆಲವೇ ತಿಂಗಳಲ್ಲಿ ತಮ್ಮನೂ ಅಲ್ಲಿಯೇ ತೀರಿಕೊಂಡನು. ಹದಿನಾಲ್ಕನೆಯ ವಯಸ್ಸಿಗೆ ಅಂಧರ ಶಾಲೆಯಲ್ಲಿ ಅಕ್ಷರ ಕಲಿತ ಈಕೆಯೇ, 1887ರ ಮಾರ್ಚ್ ತಿಂಗಳಲ್ಲಿ, ಕಣ್ಣೂ ಕಿವಿಯೂ ಇಲ್ಲದ ಹೆಲೆನ್ ಕೆಲರ್ ಎಂಬ ಆರು ವರ್ಷದ ಹಸುಳೆಗೆ ಗುರುವಾಗಿ ಹೋದಳು. ಸುಮಾರು ಒಂದು ತಿಂಗಳ ಮೇಲೆ, ನೀರಿನ ಪಂಪಿನ ಕೆಳಗೆ ಮಗುವಿನ ಕೈಹಿಡಿದು, ಇನ್ನೊಂದು ಅಂಗೈಯಲ್ಲಿ ‘ನೀರು’ ಎಂದು ಬೆರಳಿನಿಂದ ಬರೆದು, ವಸ್ತುವಿಗೆ ಹೆಸರಿದೆಯೆಂಬ ಅರಿವನ್ನು ಅದಕ್ಕೆ ಉಂಟುಮಾಡಿದಳು. ಕಣ್ಣಿನ ಹೆಸರು ಹೊತ್ತವಳು, ಕಣ್ಣು ಮಂಜಾದವಳು, ಕಣ್ಣಿಲ್ಲದವಳಿಗೆ ಕಣ್ಣಾದಳು. ತನ್ನ ಹೆಸರಿನ ಅರ್ಥ ಅವಳಿಗೆ ತಿಳಿದಿತ್ತೋ ಇಲ್ಲವೋ.

ಆ ಭಾನುವಾರ ರಾತ್ರಿ ಮನೆಗೆ ಹಿಂದಿರುಗಿ ಇದನ್ನೆಲ್ಲ ಮೊಮ್ಮಗಳಿಗೆ ಹೇಳಿದೆ. ಅವಳು ಕೇಳಿ, “ನಿನ್ನ ಹೆಸರಿನ ಮುಂದಿನ ಅಕ್ಷರ ಯಾತರದು ಅಜ್ಜ?” ಎಂದಳು. ಅದು ನಮ್ಮ ಊರಿನ ಹೆಸರಿನ ಮೊದಲಕ್ಷರ. ರಹದಾರಿಯಲ್ಲಿ ಅದನ್ನು ಬಿಡಿಸಿ ಮನೆತನದ ಹೆಸರೆಂದು ಬರೆದಿರುವುದರಿಂದ ವಿಮಾನನಿಲ್ದಾಣದಲ್ಲಿ ನನ್ನನ್ನು ಆ ಊರಿನ ಹೆಸರು ಹಿಡಿದೇ ಕರೆದಿದ್ದರು. ಆ ಊರನ್ನು ನಾನು ಕಂಡವನಲ್ಲ. 1964ರಲ್ಲಿ ಶರಾವತಿಗೆ ಲಿಂಗನಮಕ್ಕಿಯ ಅಣೆಕಟ್ಟು ಮುಗಿದಾಗ ಅದು ಮುಳುಗಿತು. ನಾನು ಹುಟ್ಟಿದ್ದು ಆಮೇಲೆ, ಬೇರೊಂದು ಊರಿನಲ್ಲಿ.

ಅವಳು ಭೂಪಟವನ್ನು ತೆಗೆದು, ಎಲ್ಲಿದೆ ತೋರಿಸೆಂದಳು. ತೋರಿಸಿದೆ.

“ಇಲ್ಲಿ ಬರೀ ನೀರಿದೆಯಲ್ಲ ಅಜ್ಜ?”

ಹೌದು, ಬೇಸಗೆಯಲ್ಲಿ ನೀರು ತೀರ ಇಳಿದ ವರ್ಷ ದೇವಸ್ಥಾನದ ಮೆಟ್ಟಿಲು ಕಾಣಿಸಿಕೊಳ್ಳುತ್ತದೆಂದು ನನ್ನ ತಂದೆಯವರು ಹೇಳುತ್ತಿದ್ದರು ಎಂದೆ.