ಕೆಳಗಿನವರ ನೀರು

2016ರ ಮಾರ್ಚ್ ತಿಂಗಳಲ್ಲಿ ನಮ್ಮ ಹಲಸೂರು ಕೆರೆಯಲ್ಲಿ ಸಾವಿರಾರು ಮೀನುಗಳು ಸತ್ತು ತೇಲಿದವು. ದಡದಲ್ಲಿ ಮೂಗು ಮುಚ್ಚಿ ನಿಂತವರಲ್ಲಿ ನಾನೂ ಒಬ್ಬ. ಕೊಳಚೆ ಕೆರೆಗೆ ಸೇರಿ ಕೊಳೆಯುವಾಗ ನೀರಿನಲ್ಲಿರುವ ಆಮ್ಲಜನಕವನ್ನು ಹೀರಿಬಿಡುತ್ತದೆ. ಮೀನಿಗೆ ಉಸಿರು ಸಿಗದು. ಯಾರನ್ನು ದೂರಬೇಕೆಂದು ಯೋಚಿಸುತ್ತ ಮನೆಗೆ ಮರಳಿದೆ. ಕೆಲವು ದಿನಗಳ ತರುವಾಯ ಕೊಳಾಯಿ ಕೆಲಸದವನು ಹಿತ್ತಲನ್ನು ಅಗೆದು ತೋರಿಸಿದ: ನಮ್ಮ ಶೌಚಾಲಯದ ಕೊಳವೆ ಒಳಚರಂಡಿಗಲ್ಲ, ಮಳೆನೀರಿನ ಮೋರಿಗೇ ಸೇರಿತ್ತು! ಮನೆ ಕಟ್ಟಿಸಿದವನು ನಾನೇ, ಎಂದೂ ವಿಚಾರಿಸಿರಲಿಲ್ಲ. ನಾಚಿಕೆಯಿಂದ ತಲೆ ತಗ್ಗಿತು.

ಈ ಭಾಗದ ಮೋರಿಗಳ ನೀರು ಬೆಳ್ಳಂದೂರು, ವರ್ತೂರು ಕೆರೆಗಳನ್ನು ದಾಟಿ ದಕ್ಷಿಣ ಪಿನಾಕಿನಿಯನ್ನು ಸೇರುತ್ತದೆ. ಆ ನದಿ ಹೊಸೂರಿನತ್ತ ಹರಿಯುತ್ತದೆ. ಬೆಳ್ಳಂದೂರಿನ ನೊರೆಯನ್ನು ಎಲ್ಲರೂ ಕಂಡಿದ್ದೇವೆ. ಆದರೆ ಕಣ್ಣಿಗೆ ಕಾಣದ ರೋಗಾಣುಗಳಿಂದಲೇ ಕಾಲರಾ, ವಿಷಮಶೀತಜ್ವರ, ಕಾಮಾಲೆಗಳು ಹರಡುವುವು. ಬಿರುಕು ಬಿಟ್ಟ ನಲ್ಲಿಯ ಕೊಳವೆ ಮೋರಿಯ ಪಕ್ಕದಲ್ಲಿದ್ದರೆ, ನೀರು ನಿಂತ ಹೊತ್ತಿನಲ್ಲಿ ಹೊಲಸು ಅದರೊಳಕ್ಕೆ ನುಗ್ಗುತ್ತದೆ. ತಿಳಿಯಾದ ನೀರೆಲ್ಲ ಶುದ್ಧವಲ್ಲ. ಸಂದೇಹವಿದ್ದಲ್ಲಿ ಕುದಿಸಿಯೇ ಕುಡಿಯಬೇಕು.

ಕೊಳವೆಯನ್ನು ಒಳಚರಂಡಿಗೆ ಸೇರಿಸಿದೆವು. ಆದರೆ ಅಷ್ಟು ವರ್ಷ ನಾವು ಹರಿಯಬಿಟ್ಟ ಹೊಲಸು ಯಾವ ಊರಿನ ಕೂಸಿನ ಹೊಟ್ಟೆ ಸೇರಿತೋ! ವಾಚಕರೇ, ತಮ್ಮ ಮನೆಯ ಕೊಳವೆ ಎಲ್ಲಿಗೆ ಸೇರಿದೆಯೆಂಬುದನ್ನು ಒಮ್ಮೆ ನೋಡಿರಿ.