ತಳ್ಳು, ತಡೆ, ಎಳೆತ

ಹಾಕಿಯ ಪಂದ್ಯಕ್ಕಿಂತ ಅದರ ಅಭ್ಯಾಸವನ್ನು ನೋಡುತ್ತ ಕೂಡುವುದರಲ್ಲಿ ನನಗೆ ಹೆಚ್ಚಿನ ಸುಖವುಂಟು. ಅದರಲ್ಲಿಯೂ ಪೆನಾಲ್ಟಿ ಕಾರ್ನರಿನ ಅಭ್ಯಾಸವೆಂದರೆ ಹೊತ್ತು ಏರಿದುದೂ ಅರಿವಿಗೆ ಬಾರದಷ್ಟು ಪ್ರೀತಿ. ಗೋಲುಕಂಬದಿಂದ 10 ಮೀಟರ್ ದೂರದಲ್ಲಿ, ಹಿಂಗೆರೆಯ ಮೇಲೆ ನಿಂತವನು ಚೆಂಡನ್ನು ನೆಲ ಬಿಡದಂತೆ ತಳ್ಳುತ್ತಾನೆ. ವೃತ್ತದ ಹೊರಗೆ ಬಾಗಿ ನಿಂತವನು ಅದನ್ನು ತಡೆದು ನಿಶ್ಚಲಗೊಳಿಸುತ್ತಾನೆ. ಮೂರನೆಯವನು ಕೋಲಿನ ಬಾಗಿನಲ್ಲಿ ಅದನ್ನು ಸೆಳೆದು, ಮೈಯನ್ನೆಲ್ಲ ಬಿಲ್ಲಿನಂತೆ ಬಗ್ಗಿಸಿ ಗೋಲಿನತ್ತ ಚಿಮ್ಮಿಸುತ್ತಾನೆ. ಅಷ್ಟರಲ್ಲಿ, ಗೋಲುಗೆರೆಯ ಹಿಂದೆ ನಿಂತಿದ್ದ ಐವರು ರಕ್ಷಕರಲ್ಲಿ ಒಬ್ಬನು ಅವನ ಎದೆಗೆ ನೇರವಾಗಿ ಧಾವಿಸಿ ಬಂದಿರುತ್ತಾನೆ.

ನಾನು ಮೆಚ್ಚುವ ತರಬೇತುದಾರರು ಇಲ್ಲಿ ಗೋಲನ್ನು ಎಣಿಸುವುದಿಲ್ಲ. ತಡೆಯುವವನ ಕೋಲಿನಿಂದ ಚೆಂಡು ಪುಟಿದು, ಯಾರದೋ ಕಾಲಿನ ಸಂದಿಯಲ್ಲಿ ನುಸುಳಿ ಬಲೆಗೆ ಬಿದ್ದರೆ, ಹುಡುಗರು ಎಷ್ಟೇ ಕೇಕೆ ಹಾಕಲಿ, “ಇನ್ನೊಮ್ಮೆ” ಎನ್ನುತ್ತಾರೆ. ತಳ್ಳು, ತಡೆ, ಎಳೆತ ಮೂರೂ ನಿರ್ದುಷ್ಟವಾಗಿ ನಡೆದು, ಕಡೆಗೆ ಗೋಲ್‌ಕೀಪರನ ಪ್ಯಾಡಿಗೆ ಬಡಿದು ಚೆಂಡು ಹೊರಗೆ ಹೋದರೆ, “ಭೇಷ್, ಹೀಗೆಯೇ ಇರಲಿ” ಎನ್ನುತ್ತಾರೆ. ಎದುರಾಳಿಯ ಸಾಮರ್ಥ್ಯ, ಅಂಪೈರನ ದೃಷ್ಟಿ, ಗಾಳಿ, ಮಳೆ ಇವೆಲ್ಲಕ್ಕೂ ಫಲದಲ್ಲಿ ಪಾಲುಂಟು. ಕ್ರಿಯೆಯೊಂದೇ ತಂಡದ ಸ್ವಂತದ್ದು. ಇದನ್ನರಿತ ತಂಡದಲ್ಲಿ, ಪತ್ರಿಕೆಯಲ್ಲಿ ಎಂದೂ ಹೆಸರು ಬಾರದ ಆ ತಳ್ಳುವವನಿಗೂ ಗೋಲು ಹೊಡೆದವನಷ್ಟೇ ಗೌರವ ಸಲ್ಲುತ್ತದೆ.

ಈ ಮಾತಿಗೆ ನಿದರ್ಶನವೊಂದುಂಟು. ಬೆಂಗಳೂರಿನ ಕ್ರೀಡಾ ಪ್ರಾಧಿಕಾರದ ಕೇಂದ್ರದಲ್ಲಿ ದೀರ್ಘಕಾಲ ಒಟ್ಟಿಗೆ ಬಾಳಿ ಪಳಗಿದ ಭಾರತ ತಂಡವು, 2021ರ ಆಗಸ್ಟ್ 5ರಂದು ಟೋಕಿಯೋ ಒಲಿಂಪಿಕ್ಸಿನ ಕಂಚಿನ ಪದಕದ ಪಂದ್ಯದಲ್ಲಿ ಜರ್ಮನಿಗೆ 1–3ರಿಂದ ಹಿಂದೆ ಬಿದ್ದಿತ್ತು. ಆಗ ಅದು ಕಂಗೆಡಲಿಲ್ಲ. ಎರಡು ಪೆನಾಲ್ಟಿ ಕಾರ್ನರುಗಳ ಬೆನ್ನಿಗೇ ಎರಡು ಗೋಲು ದೊರೆತು, ಅರ್ಧಕಾಲಕ್ಕೆ ಸಮಸಮವಾಯಿತು. ಮುಂದೆ 5–4ರ ಮುನ್ನಡೆಯಲ್ಲಿ, ಆಟ ಮುಗಿಯಲು ಏಳು ಸೆಕೆಂಡುಗಳೂ ಇಲ್ಲವೆನ್ನುವಾಗ ಜರ್ಮನಿಗೇ ಕಾರ್ನರು ಸಿಕ್ಕಿತು. 1980ರ ಮಾಸ್ಕೋದ ಬಳಿಕ 41 ವರ್ಷ ಕಾದಿದ್ದ ಪದಕವನ್ನು ಆ ಕ್ಷಣದಲ್ಲಿ ನೆನೆದವನ ಕಾಲು ನಡುಗದಿರದು. ಧಾವಿಸಬೇಕಾದವನು ಧಾವಿಸಿದನು, ನಿಲ್ಲಬೇಕಾದಲ್ಲಿ ಗೋಲ್‌ಕೀಪರ್ ಶ್ರೀಜೇಶ್ ನಿಂತು ಚೆಂಡನ್ನು ತಡೆದರು.

ಆದಕಾರಣ ಶಾಲೆಯಲ್ಲಾಗಲಿ ಊರಿನಲ್ಲಾಗಲಿ ತಂಡ ಕಟ್ಟುವವರಲ್ಲಿ ನನ್ನದೊಂದು ವಿನಂತಿ: ಪಂದ್ಯ ಮುಗಿಸಿ ಬಂದ ಹುಡುಗರನ್ನು “ಎಷ್ಟು ಗೋಲು?” ಎಂದು ಕೇಳುವ ಮುನ್ನ “ತಡೆ ಹೇಗಿತ್ತು?” ಎಂದು ಕೇಳಿರಿ. ಯಾವ ಪ್ರಶ್ನೆಯನ್ನು ಮೊದಲು ಕೇಳುವಿರೋ, ಅದರ ಉತ್ತರಕ್ಕಾಗಿಯೇ ಅವರು ನಾಳೆ ಬೆಳಿಗ್ಗೆ ಮೈದಾನಕ್ಕೆ ಇಳಿಯುತ್ತಾರೆ.