ಹೊಸ್ತಿಲಾಚೆಯ ಮೆಟ್ಟು

ಕ್ಯೋಟೋದ ವಸತಿಗೃಹದಲ್ಲಿ ಮೆಟ್ಟು ಬಾಗಿಲಲ್ಲೇ ಬಿಡಬೇಕೆಂದರು. ನಮ್ಮೂರ ರೂಢಿಯೇ ಅಲ್ಲವೇ ಎಂದು ಬೀಗಿದೆ. ಒಳಗೆ ಓಡಾಡಲು ಬೇರೆ ಚಪ್ಪಲಿ. ‘ತತಾಮಿ’ ಎಂಬ ಹುಲ್ಲುಚಾಪೆಯ ಮೇಲೆ ಅದೂ ಕೂಡದು. ಶೌಚಗೃಹಕ್ಕೆ ಮತ್ತೊಂದು ಜೊತೆ! ನಾನೋ, ಆ ಕೊನೆಯ ಜೊತೆಯಲ್ಲೇ ಚಾಪೆಯ ಮೇಲೆ ಬಂದು ನಿಂತೆ. ಮನೆಯೊಡತಿ ಮುದುಕಿ ನಗಲಿಲ್ಲ, ಗದರಲಿಲ್ಲ. ತಾನೇ ತಪ್ಪು ಮಾಡಿದವಳಂತೆ ತಲೆಬಾಗಿ, ಮಂಡಿಯೂರಿ ಚಾಪೆ ಒರೆಸಿದಳು. ಬೆಳಿಗ್ಗೆ ನೋಡಿದರೆ ನನ್ನ ಮೆಟ್ಟುಗಳನ್ನು ಹೊರಮುಖವಾಗಿ ಜೋಡಿಸಿಟ್ಟಿದ್ದಳು.

ನನ್ನ ತಾಯಿಯೂ ಹೀಗೆಯೇ ಅಡುಗೆಮನೆ ಒರೆಸುತ್ತಿದ್ದಳು. ಎಂ.ಎ. ಮುಗಿಸಿ ಬಂದ ಮಗ ‘ಇದೆಲ್ಲ ಮೌಢ್ಯ’ ಎಂದು ಬೂಟುಗಾಲಲ್ಲೇ ಒಳನುಗ್ಗಿದ ದಿನ ಅವಳೂ ಮಾತಾಡಲಿಲ್ಲ. ಅದನ್ನು ನನ್ನ ಗೆಲುವೆಂದೇ ತಿಳಿದಿದ್ದೆ.

ಈಗ ಅವಳಿಲ್ಲ. ಹೊರಡುವಾಗ ಮುದುಕಿಯೆದುರು ನಾನು ತುಸು ಹೆಚ್ಚೇ ಬಾಗಿದೆನೆಂದು ತೋರುತ್ತದೆ. ಅರ್ಧ ನಮಸ್ಕಾರ ಅವಳಿಗಲ್ಲ.